ಬಾಕ್ಸು ಮನೆ ಬಿಟ್ಟ ವಾರ

ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಮನೆಯ ಇಂಟರ್ನೆಟ್ ಬಾಕ್ಸು ಹೋಗಿಬಿಟ್ಟಿತ್ತು. ಕಪ್ಪು ಬಾಕ್ಸು, ಕೆಂಪು ದೀಪದ್ದು, ಟಿವಿ ಪಕ್ಕದ ಗೋಡೆಗೆ ನಾಲ್ಕು ಸ್ಕ್ರೂ ಹೊಡೆಸಿ ಕೂರಿಸಿದ್ದು. ಅದೇ ಜಾಗದಲ್ಲಿ, ಅದೇ ನಾಲ್ಕು ಸ್ಕ್ರೂಗೆ ಮೈ ಕೊಟ್ಟು, ಅದೇ ವಯರು ಸಿಕ್ಕಿಸಿಕೊಂಡು, ಹಾಲಿನ ಬಣ್ಣದ ಇನ್ನೊಂದು ಬಾಕ್ಸು ಹಸಿರು ದೀಪ ಮಿಣಮಿಣ ಅನ್ನಿಸುತ್ತಾ ಕೂತಿತ್ತು. ದೀಪಾವಳಿಗೆ ಬಂದ ಅಳಿಯನ ಗತ್ತು ಅದಕ್ಕೆ.

ನಮ್ಮೂರಲ್ಲಿ ಸಾಮಾನು ಮನೆ ಬದಲಾಯಿಸುವುದು ಹೊಸದೇನಲ್ಲ. ಸೌಟು ಹೋಗುತ್ತದೆ, ಛತ್ರಿ ಹೋಗುತ್ತದೆ, ಕುಕ್ಕರನ್ನು ಬಿಟ್ಟು ಮುಚ್ಚಳ ಒಂದೇ ಹೋಗುತ್ತದೆ. ಹೋದದ್ದರ ಜಾಗಕ್ಕೆ ಕೆಲವು ಸಲ ಬೇರೆ ಮನೆಯದು ಬರುತ್ತದೆ, ಕೆಲವು ಸಲ ಬರುವುದಿಲ್ಲ. ನನ್ನ ತವರಿನವರು ಕೊಟ್ಟ ಹಿತ್ತಾಳೆ ಕೊಳಗ ನಾಲ್ಕು ಮನೆ ತಿರುಗಿ, ಈಗ ಮಠದ ಬೀದಿಯ ಮೂಲೆಮನೆಯಲ್ಲಿ ಮಕ್ಕಳ ಸ್ನಾನಕ್ಕೆ ನೀರು ಕಾಯಿಸಿಕೊಂಡು ಸುಖವಾಗಿದೆ. ಅರಿಶಿನ ಕುಂಕುಮಕ್ಕೆ ಹೋದಾಗ ನಾನು ಅದನ್ನು ನೋಡುತ್ತೇನೆ, ನಾನು ನೋಡುವುದನ್ನು ಆ ಮನೆಯಾಕೆ ನೋಡುತ್ತಾಳೆ, ಇಬ್ಬರೂ ಬಿಸಿಲಿನ ಮಾತಾಡುತ್ತೇವೆ. ಹೋದ ಸಾಮಾನನ್ನು ವಾಪಸ್ ಕೇಳುವ ಹಾಗಿಲ್ಲ. ಹೋಯಿತು ಅಂತ ಬಾಯಿಬಿಟ್ಟು ಹೇಳುವ ಹಾಗಂತೂ ಇಲ್ಲವೇ ಇಲ್ಲ. "ಕೊಳಗ ಎಲ್ರೀ ಕಾಣಲ್ಲ?" ಅಂದರೆ "ಕಲಾಯಿಗೆ ಕೊಟ್ಟಿದ್ದೀನಿ" ಅನ್ನಬೇಕು. ಕೇಳಿದವರು "ಹೌದಾ, ಒಳ್ಳೇದಾಯ್ತು" ಅನ್ನಬೇಕು. ಹನ್ನೆರಡು ಹದಿನೈದು ವರ್ಷದಿಂದ ಕಲಾಯಿ ಆಗುತ್ತಲೇ ಇರುವ ಪಾತ್ರೆಗಳು ಈ ಊರಲ್ಲಿ ಬೇಕಾದಷ್ಟಿವೆ.

ಯಾಕೆ ಹೋಗುತ್ತವೆ ಅಂತ ಯಾರಿಗೂ ಗೊತ್ತಿಲ್ಲ, ಮಾತಾಡುವುದು ಮಾತ್ರ ಎಲ್ಲರೂ ಗೊತ್ತಿರುವ ಹಾಗೆ. ಆ ಮನೆಯಲ್ಲಿ ಜಗಳ ಜಾಸ್ತಿ, ಈ ಮನೆಯಲ್ಲಿ ಕೈ ಬಿಗಿ, ಅವಳ ನಾಲಿಗೆ ಸರಿಯಿಲ್ಲ, ಇವನ ನಡತೆ ಸರಿಯಿಲ್ಲ. ಅಂತೂ ಸಾಮಾನು ಹೋಯಿತೆಂದರೆ ಮಾನ ಹೋಯಿತು ಅಂತಲೇ ಲೆಕ್ಕ. ನನ್ನ ನಾಲಿಗೆಯ ವಿಚಾರ ನಾನೇ ಹೇಳುತ್ತೇನೆ, ಮುಚ್ಚುಮರೆ ಯಾಕೆ? ಇಪ್ಪತ್ತಾರು ವರ್ಷ ನಮ್ಮೂರ ಟಾಕೀಸಿನ ಟಿಕೆಟ್ ಕಿಂಡಿಯೊಳಗೆ ಕೂತವಳು ನಾನು. ಗಾಂಧಿ ಕ್ಲಾಸಿಗೆ ನುಗ್ಗುವ ಗಂಡಸರನ್ನು ಕೈಗೆ ಸ್ಕೇಲಿನಿಂದ ಹೊಡೆದು ಲೈನಿಗೆ ನಿಲ್ಲಿಸಿದವಳು. ಮೃದುವಾಗಿ ಮಾತಾಡು ಅಂದರೆ ಎಲ್ಲಿಂದ ತರಲಿ?

"ನೀನು ಭಾನುವಾರ ಅದರ ತಲೆ ಮೇಲೆ ಹೊಡೆದೆ. ಅದಕ್ಕೂ ಒಂದು ಮರ್ಯಾದೆ ಇರುತ್ತೆ ತಾನೆ?" ಅಂದರು ನಮ್ಮೆಜಮಾನರು, ಹಾಸಿಗೆಯಿಂದ ಏಳದೆಯೇ. ಇವರು ಅದೇ ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದವರು. ಯಂತ್ರದ ಪಕ್ಷ ವಹಿಸುವುದು ಹಳೇ ಚಾಳಿ.

ಹೊಡೆದದ್ದು ನಿಜ. ಅದರ ಕಥೆ ಹೇಳಬೇಕಾದರೆ ನನ್ನ ಅಕ್ಕ ದೇವೀರಮ್ಮನ ವಿಷಯ ಹೇಳಬೇಕು. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಏಳನೇ ವಯಸ್ಸಿಗೆ ಜ್ವರ ಬಂದು ಅವಳ ಎರಡೂ ಕಿವಿ ಹೋದವು. ಅವಳನ್ನು ಸ್ಕೂಲಿಗೆ ಯಾರೂ ಸೇರಿಸಲಿಲ್ಲ, ಓದು ಬರಹ ಬರಲಿಲ್ಲ. ನಾವಿಬ್ಬರೇ ಕೂತು ಕೈಮಾತು ಕಟ್ಟಿಕೊಂಡೆವು. ಗಲ್ಲ ತಟ್ಟಿದರೆ ಅವ್ವ, ಹುಬ್ಬು ಉಜ್ಜಿದರೆ ಅಪ್ಪ, ಕಿರುಬೆರಳಿನಿಂದ ಮೂಗು ತಿರುವಿದರೆ ಕಳ್ಳಿ. ಆ ಗಂಡಸು ನಿನ್ನನ್ನೇ ನೋಡುತ್ತಿದ್ದಾನೆ ಅನ್ನುವುದಕ್ಕೊಂದು, ಅವನಿಗೆ ಹಲ್ಲು ಉಬ್ಬು ಅನ್ನುವುದಕ್ಕೊಂದು. ಈ ಕೈಮಾತು ಪೂರ್ತಿ ಬರುವವರು ಭೂಮಿಯ ಮೇಲೆ ನಾವಿಬ್ಬರೇ. ಅಕ್ಕನಿಗೆ ಮಕ್ಕಳಿಲ್ಲ. ಮೈದುನನ ಮಗ ಮತ್ತು ಸೊಸೆ ಕುಸುಮನ ಜೊತೆ ದೂರದ ಊರಲ್ಲಿದ್ದಾಳೆ. ಕುಸುಮ ಚಿನ್ನದಂಥ ಹುಡುಗಿ, ಆದರೆ ಊಟ, ಸ್ನಾನ, ಮಾತ್ರೆ ಬಿಟ್ಟರೆ ಅವಳಿಗೆ ನಮ್ಮ ಕೈಮಾತು ಗೊತ್ತಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ನಾನು ನಮ್ಮ ಟಿವಿಯಲ್ಲಿ, ಅಕ್ಕ ಕುಸುಮನ ಟ್ಯಾಬಿನಲ್ಲಿ, ಎದುರುಬದುರು ಕೂತು ಮಾತಾಡುತ್ತೇವೆ. ಮಾತೆಂದರೆ ಏನು, ಚೌಕಾಬಾರ ಆಡುತ್ತೇವೆ. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದುಕೊಂಡು, ಅವಳು ರಟ್ಟಿನ ಮೇಲೆ ಬರೆದುಕೊಂಡು. ಅವಳ ಕವಡೆ ಅವಳು ಹಾಕುತ್ತಾಳೆ, ನನ್ನದು ನಾನು. ಇಬ್ಬರೂ ಇಬ್ಬರ ಕಾಯಿಗಳನ್ನೂ ನಡೆಸುತ್ತೇವೆ.

ಆ ಭಾನುವಾರ ನನ್ನ ಎರಡು ಕಾಯಿ ಹಣ್ಣಾಗಿದ್ದವು. ಮೂರನೆಯದಕ್ಕೆ ನಡುಮನೆ ಇನ್ನೊಂದೇ ಹೆಜ್ಜೆ. ಅಕ್ಕ ಕವಡೆಯನ್ನು ಬೇಕೆಂದೇ ಪರದೆಯ ಆಚೆಗೆ, ನನ್ನ ಕಣ್ಣಿಗೆ ಬೀಳದ ಹಾಗೆ ಹಾಕಿ, ಎಂಟು ಬೆರಳು ಎತ್ತಿದಳು. ಎಂಟು ಬಿದ್ದರೆ ಅವಳ ಕಾಯಿ ಬಂದು ಸರಿಯಾಗಿ ನನ್ನದನ್ನು ಹೊಡೆಯುತ್ತದೆ. ತೋರಿಸು ಅಂದೆ. ಅಷ್ಟರಲ್ಲಿ ಕವಡೆ ಬಾಚಿಕೊಂಡಿದ್ದಳು. ಮೈಯೆಲ್ಲಾ ಉರಿದುಹೋಯಿತು. ಕಿರುಬೆರಳಲ್ಲಿ ಮೂಗು ತಿರುವಿದೆ. ಒಂದು ಸಲ ಸಾಲದು ಅಂತ ಮೂರು ಸಲ ತಿರುವಿದೆ. ಅಕ್ಕನ ಮುಖ ಚಿಕ್ಕದಾಯಿತು. ಅದೇನೋ ಹೇಳಲು ಕೈ ಎತ್ತಿದಳು. ನಾನು ಪೂರ್ತಿ ನೋಡದೆ ಎದ್ದು ಹೋಗಿ ಬಾಕ್ಸಿನ ನೆತ್ತಿಗೆ ಒಂದು ಬಿಟ್ಟು ಆರಿಸಿಬಿಟ್ಟೆ. ಅವತ್ತೇ ಹೋಯಿತು ಅದು.

ಸೋಮವಾರ ಹನ್ನೊಂದಕ್ಕೆ ಟಿವಿ ಹಾಕಿದರೆ ಅಕ್ಕ ಇಲ್ಲ. ನಿಮ್ಮ ಖಾತೆಯಲ್ಲಿರುವ ಬಾಕ್ಸೂ ನಿಮ್ಮ ಮನೆಯಲ್ಲಿರುವ ಬಾಕ್ಸೂ ತಾಳೆಯಾಗುತ್ತಿಲ್ಲ, ಕಚೇರಿಯನ್ನು ಸಂಪರ್ಕಿಸಿ ಅಂತ ಬರೆದು ಬಂತು. ಮೊದಲಾಗಿದ್ದರೆ ಇದೊಂದು ತೊಂದರೆಯೇ ಅಲ್ಲ. ಕೇಬಲ್ ಆಫೀಸಿನಲ್ಲಿ ಗುರುಲಿಂಗಯ್ಯ ಅಂತಿದ್ದರು, ಇದೇ ಊರಿನವರು. "ನಂಬರ್ ಸ್ವಲ್ಪ ಅಳಿಸಿಹೋಗಿದೆ, ತಿದ್ದಿಬಿಡ್ತೀನಿ" ಅಂತ ತಲೆ ಎತ್ತದೆ ಹೇಳಿ, ಯಾರ ಬಾಕ್ಸು ಯಾರ ಮನೆ ಸೇರಿದೆಯೋ ಹಾಗೇ ಬರೆದುಕೊಂಡು ಬಿಡುತ್ತಿದ್ದರು. ಹೋದ ತಿಂಗಳು ರಿಟೈರ್ ಆದರು. ಅವರ ಜಾಗಕ್ಕೆ ಹೊರಗಿನಿಂದ ಪ್ರಫುಲ್ಲ ಅನ್ನುವ ಹುಡುಗಿಯನ್ನು ಹಾಕಿದ್ದರು. ಅವಳಿಗೆ ನಮ್ಮೂರ ರೀತಿ ಗೊತ್ತಿಲ್ಲ, ಹೇಳಿಕೊಡೋಣವೆಂದರೆ ಇಂಥದ್ದನ್ನು ಬಾಯಿಬಿಟ್ಟು ಹೇಳುವವರು ಯಾರು?

ಮಂಗಳವಾರ ಹೋದೆ. ಕೇಬಲ್ ಆಫೀಸು ಈಗಿರುವುದು ಮುಚ್ಚಿಹೋದ ನಮ್ಮ ಟಾಕೀಸಿನ ಟಿಕೆಟ್ ಕೋಣೆಯಲ್ಲೇ. ನಾನು ಒಳಗೆ ಕೂತಿದ್ದ ಕಿಂಡಿಯ ಹೊರಗೆ ಈಗ ನಾನೇ ಲೈನಿನಲ್ಲಿ ನಿಂತೆ. ಲೈನು ಪೇಟೆ ತುದಿಯವರೆಗೂ ಇತ್ತು. ಎಲ್ಲರ ಕೈಯಲ್ಲೂ ಒಂದೊಂದು ಚೀಟಿ, ಎಲ್ಲರ ಮುಖದಲ್ಲೂ ನಮಗೇನೂ ಆಗಿಲ್ಲ, ಸುಮ್ಮನೆ ಗಾಳಿಗೆ ಬಂದೆವು ಅನ್ನುವ ಭಾವ.

"ಅಮ್ಮ, ನಿಮ್ಮ ಅಕೌಂಟಲ್ಲಿರೋ ಬಾಕ್ಸ್ ನಂಬರ್ ಕೊನೆಗೆ ಆರು ಒಂದು ಏಳು ಸೊನ್ನೆ," ಅಂದಳು ಪ್ರಫುಲ್ಲ. "ನಿಮ್ಮ ಮನೆ ಲೈನಲ್ಲಿ ಈಗ ಕಾಣ್ತಿರೋದು ನಾಲ್ಕು ನಾಲ್ಕು ಎಂಟು ಎರಡು. ಅದಕ್ಕೇ ಲಾಕ್ ಆಗಿದೆ."

"ನಮ್ಮನೇಲಿ ಮೊದಲಿಂದಲೂ ಇದೇ ಬಾಕ್ಸಮ್ಮ. ನಿಮ್ಮೋರು ಬರ್ಕೊಂಡಿದ್ದೇ ತಪ್ಪು," ಅಂದೆ ಗಂಭೀರವಾಗಿ.

"ಬೆಳಿಗ್ಗೆಯಿಂದ ಹನ್ನೊಂದು ಜನ ಇದನ್ನೇ ಹೇಳಿದ್ದಾರೆ."

ಹಿಂದೆ ಲೈನಿನಲ್ಲಿ ನಾಲ್ಕೈದು ಜನ ಕೆಮ್ಮಿದರು. ಪ್ರಫುಲ್ಲ ಕಂಪ್ಯೂಟರಿನಲ್ಲಿ ಏನೋ ಒತ್ತಿ ನೋಡಿದಳು. ಹುಬ್ಬು ಗಂಟಿಕ್ಕಿತು. "ಈ ನಾಲ್ಕು ನಾಲ್ಕು ಎಂಟು ಎರಡು ಪಂಚಲಿಂಗಪ್ಪ ಅನ್ನೋರ ಹೆಸರಲ್ಲಿದೆ. ಅವರ ಬಾಕ್ಸ್ ನಿಮ್ಮ ಮನೆಗೆ ಹೇಗಮ್ಮ ಬಂತು? ನೀವು ತಗೊಂಡು ಬಂದ್ರಾ?"

ನನ್ನ ಜನ್ಮದಲ್ಲಿ ಅಕ್ಕನನ್ನು ಬಿಟ್ಟರೆ ಯಾರೂ ನನಗೆ ಕಳ್ಳಿ ಅಂದಿರಲಿಲ್ಲ. ಈ ಹುಡುಗಿಯೂ ಅನ್ನಲಿಲ್ಲ, ಅಂದ ಹಾಗೆ ನೋಡಿದಳು ಅಷ್ಟೆ. ಸಿಟ್ಟು ನೆತ್ತಿಗೇರಿತು. ನಿಜ ಹೇಳುವ ಬದಲು ಇನ್ನೊಂದು ಸುಳ್ಳು ಹೇಳಿದೆ. "ಅವರೇ ಪ್ರೀತಿಯಿಂದ ಕೊಟ್ಟರು."

ಪಂಚಲಿಂಗಪ್ಪ ಅಂದರೆ ನಮ್ಮ ಟಾಕೀಸಿನ ಸಾಹುಕಾರರು. ಅವರು ಪ್ರೀತಿಯಿಂದ ಯಾರಿಗಾದರೂ ಏನಾದರೂ ಕೊಟ್ಟರು ಅಂದರೆ ಕೇಳಿದವರು ಆಸ್ಪತ್ರೆಗೆ ಸೇರಬೇಕು. ಹಿಂದೆ ಕೆಮ್ಮುತ್ತಿದ್ದವರ ಕೆಮ್ಮು ನಿಂತೇಹೋಯಿತು.

"ಹಾಗಾದ್ರೆ ಸುಲಭ," ಅಂದಳು ಪ್ರಫುಲ್ಲ. "ಅವರು ಇಲ್ಲಿಗೆ ಬಂದು, ಈ ಬಾಕ್ಸ್ ನಮ್ಮನೇಲಿಲ್ಲ, ಇವರ ಮನೇಲಿದೆ ಅಂತ ಹೇಳಿ ಒಂದು ಸೈನ್ ಹಾಕ್ಲಿ. ನಿಮ್ಮ ಹಳೇ ಬಾಕ್ಸ್ ಎಲ್ಲಿದೆ ಅಂತ ನೀವು ಹೇಳಿ. ಎರಡು ನಿಮಿಷದ ಕೆಲಸ."

ಎರಡು ನಿಮಿಷವಂತೆ! ನಮ್ಮೂರು ಹುಟ್ಟಿದಾಗಿನಿಂದ ಯಾರೂ ಮಾಡದ ಕೆಲಸ ಅದು. ಚೀಟಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದೆ. ಹಾಳಾಗಿ ಹೋಗಲಿ, ನಾಲ್ಕು ದಿನ ಅಕ್ಕನ ಮುಖ ನೋಡದಿದ್ದರೆ ಸಾಯುವುದಿಲ್ಲ, ಅವಳಿಗೂ ಸ್ವಲ್ಪ ಬುದ್ಧಿ ಬರಲಿ ಅಂದುಕೊಂಡೆ.

ಬುಧವಾರ ಮಧ್ಯಾಹ್ನ ಹಿಟ್ಟಿನ ಗಿರಣಿಯಿಂದ ಕರೆ ಬಂತು. ನಮ್ಮೂರಲ್ಲಿ ಮೊಬೈಲು ಇಟ್ಟುಕೊಳ್ಳುವವರಿಲ್ಲ, ಅವು ವಾರಕ್ಕೆ ಮೂರು ಮನೆ ಬದಲಾಯಿಸುತ್ತವೆ, ಯಾರದೋ ಫೋನಿಗೆ ಯಾರದೋ ಹೆಂಡತಿ ಸಿಕ್ಕಿ ರಂಪವಾಗುತ್ತದೆ. ಗಿರಣಿಯ ಗೋಡೆಯ ಫೋನೊಂದು ಮಾತ್ರ ಇಪ್ಪತ್ತು ವರ್ಷದಿಂದ ಕದಲಿಲ್ಲ. ಆ ಸದ್ದಿನಲ್ಲಿ ಅದಕ್ಕೆ ಯಾರು ಏನಂದರೂ ಕೇಳಿಸಿರಲಿಕ್ಕಿಲ್ಲ. ಓಡಿಹೋಗಿ ಎತ್ತಿಕೊಂಡೆ. ಕುಸುಮ.

"ಚಿಕ್ಕತ್ತೆ, ಎಲ್ಲಿ ಹೋದ್ರಿ ನೀವು? ದೊಡ್ಡತ್ತೇನ ಆಸ್ಪತ್ರೆಗೆ ಸೇರಿಸಿದ್ದೀವಿ. ಎದೆಯೊಳಗಿನ ಒಂದು ಕವಾಟ ಸರಿಯಾಗಿ ತೆರ್ಕೊಳ್ತಿಲ್ವಂತೆ. ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಆಪರೇಷನ್."

ನನಗೆ ಗಿರಣಿಯ ಸದ್ದೆಲ್ಲಾ ನಿಂತುಹೋದ ಹಾಗಾಯಿತು.

"ಅವರಿಗೆ ಏನು ಅಂತ ಹೇಳೋಕೆ ನನ್ನ ಕೈಲಿ ಆಗ್ತಿಲ್ಲ ಚಿಕ್ಕತ್ತೆ. ಎದೆ ಮುಟ್ಟಿ ತೋರಿಸಿದ್ರೆ ಭಯ ಬೀಳ್ತಾರೆ. ನರ್ಸ್ ಹತ್ರ ಬಂದ್ರೆ ಕೈ ಕಚ್ಚೋಕೆ ಹೋಗ್ತಾರೆ. ಊಟ ಬಿಟ್ಟಿದ್ದಾರೆ. ಹನ್ನೊಂದು ಗಂಟೆಗೆ ಮಾತ್ರ ಎದ್ದು ಕೂತ್ಕೊಂಡು, ಖಾಲಿ ಟ್ಯಾಬ್ ಮುಂದೆ ಆ ಕವಡೆ ಇಟ್ಕೊಂಡು ಕಾಯ್ತಾರೆ. ಅವರಾಗಿ ಒಪ್ಪದೆ ಇದ್ರೆ ನಾವು ಮಾಡಲ್ಲ ಅಂತಾರೆ ಡಾಕ್ಟ್ರು. ಶುಕ್ರವಾರ ಬಿಟ್ರೆ ಆಮೇಲೆ ಕಷ್ಟ ಅಂತಾನೂ ಅಂತಾರೆ. ನೀವು ಬರೋಕಾಗಲ್ವಾ?"

ಎರಡು ಬಸ್ಸು, ಒಂದು ರೈಲು. ಈಗ ಹೊರಟರೂ ಶನಿವಾರ ಮುಟ್ಟುತ್ತೇನೆ. ಬೇರೆ ಮನೆಯ ಟಿವಿ ಕೇಳೋಣವೆಂದರೆ ಎಲ್ಲರ ಬಾಕ್ಸೂ ಲಾಕ್ ಆಗಿ ಕೂತಿತ್ತು. ಕುಸುಮನಿಗೆ ಶುಕ್ರವಾರ ಪರದೆಯಲ್ಲಿ ಬಂದೇ ಬರುತ್ತೇನೆ ಅಂದೆ, ಫೋನು ಇಟ್ಟೆ. ಭಾನುವಾರ ಅವಳು ಕೈ ಎತ್ತಿ ಹೇಳಲು ಹೊರಟದ್ದು ಇದನ್ನೇ ಇರಬೇಕು, ಎದೆ ನೋಯುತ್ತಿದೆ ಅಂತ. ನಾನು ನೋಡದೆ ಆರಿಸಿಬಿಟ್ಟೆ. ಗಿರಣಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಹಿಟ್ಟು ಹಾಕಿಸಲು ಬಂದವರೆಲ್ಲಾ ನೋಡಿದರು, ನೋಡಲಿ.

ಗುರುವಾರ ಬೆಳಿಗ್ಗೆ ಪಂಚಲಿಂಗಪ್ಪನವರ ಮನೆಗೆ ಹೋದೆ. ದೊಡ್ಡ ಮನೆ, ದೊಡ್ಡ ಬಾಗಿಲು. ಹೆಂಡತಿ ತೀರಿಕೊಂಡ ಮೇಲೆ ನಾಲ್ಕು ವರ್ಷದಿಂದ ಅವರು ಯಾರನ್ನೂ ಒಳಗೆ ಕರೆದಿಲ್ಲ. ಬಂದವರ ಹತ್ತಿರ ಕಿಟಕಿಯ ಒಂದು ರೆಕ್ಕೆ ತೆರೆದು ಮಾತಾಡಿ ಕಳಿಸುತ್ತಾರೆ. ನನ್ನ ಹತ್ತಿರವೂ ಹಾಗೇ ಶುರು ಮಾಡಿದರು. "ಏನು ಚೆನ್ನಾಜಮ್ಮ?"

"ಬಾಗಿಲು ತೆಗೀರಿ ಸಾಹುಕಾರ್ರೆ, ಮಾತಾಡಬೇಕು."

"ಒಳಗೆಲ್ಲಾ ಸಾಮಾನು ತುಂಬಿಬಿಟ್ಟಿದೆ. ಕಾಲಿಡೋಕೆ ಜಾಗ ಇಲ್ಲ. ಅಲ್ಲಿಂದಲೇ ಹೇಳು."

ಹೇಳಿದೆ. ಬಾಕ್ಸಿನ ಮಾತು ಬಂದ ತಕ್ಷಣ ಅವರ ಮುಖ ಕಲ್ಲಾಯಿತು. "ನನ್ನ ಬಾಕ್ಸ್ ನನ್ನ ಮನೇಲೇ ಇದೆ," ಅಂದು ಕಿಟಕಿ ಎಳೆದುಕೊಂಡರು. ನಾನು ಬಾಗಿಲಿಗೆ ಎರಡೂ ಕೈ ಹಾಕಿ ಬಡಿಯಲು ಶುರು ಮಾಡಿದೆ. ಎದುರುಮನೆಯವರು ಹೊರಗೆ ಬಂದರು, ಪಕ್ಕದವರು ಬಂದರು. ಊರು ನೋಡುತ್ತದೆ ಅನ್ನುವ ಭಯಕ್ಕೋ ಏನೋ, ಸಾಹುಕಾರರು ಚಿಲಕ ತೆಗೆದು ನನ್ನನ್ನು ಒಳಗೆಳೆದುಕೊಂಡು ಮತ್ತೆ ಹಾಕಿದರು.

ಒಳಗೆ ಏನೂ ಇರಲಿಲ್ಲ. ನಾನು ಸುಮ್ಮನೆ ಹೇಳುತ್ತಿಲ್ಲ, ಏನೂ ಅಂದರೆ ಏನೂ ಇರಲಿಲ್ಲ. ತೂಗುಮಂಚದ ಸರಪಳಿ ಹಾಕುವ ಕೊಂಡಿಗಳಿದ್ದವು, ಮಂಚವಿಲ್ಲ. ಗಡಿಯಾರದ ಮೊಳೆ ಇತ್ತು, ಗಡಿಯಾರವಿಲ್ಲ. ಪಡಸಾಲೆಯ ನೆಲದ ಮೇಲೆ ಹಳೇ ಪೇಪರು ಹಾಸಿಕೊಂಡು ಮಲಗುತ್ತಿದ್ದರು. ಮೂಲೆಯಲ್ಲಿ ಮುತ್ತುಗದ ಎಲೆಯ ಕಟ್ಟು. ಎಲೆಯಾದರೆ ಊಟವಾದ ಮೇಲೆ ನಾವೇ ಎಸೆಯುತ್ತೇವೆ, ಅದು ಬಿಟ್ಟು ಹೋಯಿತು ಅನ್ನುವ ಅವಮಾನವಿಲ್ಲ. ಗೋಡೆಯಿಂದ ಕೇಬಲ್ ವಯರೊಂದು ನೇತಾಡುತ್ತಿತ್ತು. ಊರಿನ ಅರ್ಧ ಮನೆಗಳಲ್ಲಿ ಇವರ ಸಾಮಾನಿದೆ ಅಂತ ನಾವೆಲ್ಲಾ ಬಲ್ಲೆವು. ಆದರೆ ಎಲ್ಲರ ಮನೆಯಲ್ಲಿ ಒಂದೊಂದು ಇರುವುದು ಬೇರೆ, ಇವರ ಮನೆಯಲ್ಲಿ ಒಂದೂ ಇಲ್ಲದಿರುವುದು ಬೇರೆ. ಎರಡನ್ನೂ ಕೂಡಿಸಿ ಯಾರೂ ಯೋಚಿಸಿರಲಿಲ್ಲ.

"ಎಲ್ಲಾ ಎಲ್ಲಿ ಸಾಹುಕಾರ್ರೆ?" ಅಂದೆ, ಬಾಯಿತಪ್ಪಿ.

"ಕಲಾಯಿಗೆ ಕೊಟ್ಟಿದ್ದೀನಿ," ಅಂದರು.

"ಮಂಚಾನೂ?"

ಅವರು ಮಂಚವಿಲ್ಲದ ಕೊಂಡಿಗಳನ್ನು ನೋಡಿದರು. ನನಗೆ ಪಾಪ ಅನ್ನಿಸಿತು, ಹಾಗೇ ಸಿಟ್ಟೂ ಬಂತು. ಇಪ್ಪತ್ತಾರು ವರ್ಷದಲ್ಲಿ ಟಿಕೆಟ್ ಕೋಣೆಗೆ ಒಂದು ಕುರ್ಚಿ ಕೊಡದ ಮನುಷ್ಯ. ಖಾಲಿ ಸೀಮೆಎಣ್ಣೆ ಡಬ್ಬ ಬೋರಲು ಹಾಕಿಕೊಂಡು ಕೂತಿದ್ದೇನೆ ನಾನು. ಇವತ್ತು ಇವರಿಗೇ ಕೂರಲು ಡಬ್ಬವಿಲ್ಲ. ಅದೆಲ್ಲಾ ಆಡಿ ಹಂಗಿಸಬಹುದಿತ್ತು, ನಾಲಿಗೆಯ ತುದಿಗೂ ಬಂದಿತ್ತು. ನುಂಗಿಕೊಂಡು ಅಕ್ಕನ ವಿಷಯ ಹೇಳಿದೆ. ಕೈಮಾತಿನ ವಿಷಯ, ಮೂಗು ತಿರುವಿದ್ದು, ಶುಕ್ರವಾರ ಒಂದು ಗಂಟೆ.

"ನಿಮಗೆ ಆ ಬಾಕ್ಸಿಂದ ಏನೂ ಆಗಬೇಕಾಗಿಲ್ಲ. ನಮ್ಮನೇಲಿಲ್ಲ ಅನ್ನೋ ಒಂದು ಮಾತು ಸಾಕು. ಮೊದಲು ನನ್ನದು ಹೋಯ್ತು ಅಂತ ನಾನೇ ಹೇಳ್ತೀನಿ, ನಿಮಗೆ ಒಬ್ಬರಿಗೇ ಅವಮಾನ ಆಗೋಕೆ ಬಿಡಲ್ಲ."

"ಒಂದು ಇಲ್ಲ ಅಂದ್ರೆ ಎಲ್ಲಾ ಇಲ್ಲ ಅಂತ ಗೊತ್ತಾಗುತ್ತೆ ಚೆನ್ನಾಜಮ್ಮ," ಅಂದರು ಅವರು ಮೆಲ್ಲಗೆ. "ನಾನು ಬರಲ್ಲ. ಹೋಗು."

ಹೊರಗೆ ಬಂದೆ. ಎದುರುಮನೆಯಾಕೆ ಕತ್ತು ಉದ್ದ ಮಾಡಿ, "ಒಳಗೆ ಹೇಗಿದೆಯಮ್ಮ?" ಅಂದಳು. "ಸಾಮಾನು ತುಂಬಿ ಕಾಲಿಡೋಕೆ ಜಾಗ ಇಲ್ಲ," ಅಂದೆ.

ಶುಕ್ರವಾರ ಹತ್ತು ಗಂಟೆಗೇ ಹೋಗಿ ಲೈನಿನಲ್ಲಿ ನಿಂತೆ. ಸಾಹುಕಾರರು ಬರುವ ನಂಬಿಕೆ ಇರಲಿಲ್ಲ. ಪ್ರಫುಲ್ಲನ ಕಾಲು ಹಿಡಿಯುವುದು, ಅದಕ್ಕೂ ಜಗ್ಗದಿದ್ದರೆ ಕಿಂಡಿಯೊಳಗೆ ನುಗ್ಗಿ ನಾನೇ ಒತ್ತಿಬಿಡುವುದು ಅಂತ ಯೋಚನೆ ಮಾಡಿದ್ದೆ. ಏನು ಒತ್ತಬೇಕು ಅಂತ ಮಾತ್ರ ಗೊತ್ತಿರಲಿಲ್ಲ. ನನ್ನ ಸರದಿ ಬಂದಾಗ ಹನ್ನೊಂದೂವರೆ ಆಗಿತ್ತು.

"ನಿಮ್ಮ ಹಳೇ ಬಾಕ್ಸ್ ಎಲ್ಲಿದೆ ಅಂತ ಗೊತ್ತಾಯ್ತಾ ಅಮ್ಮ?" ಅಂದಳು.

ಕಿಂಡಿಗೆ ಮುಖವಿಟ್ಟು ಪಿಸುಗುಡಬಹುದಿತ್ತು. ಆದರೆ ಆ ಕಿಂಡಿ ನನಗೆ ಗೊತ್ತು, ಪಿಸುಗುಟ್ಟಿದರೆ ಒಳಗೆ ಏನೂ ಕೇಳುವುದಿಲ್ಲ. ಹೌಸ್‌ಫುಲ್ ಅಂತ ಕೂಗುತ್ತಿದ್ದ ಗಂಟಲಿನಲ್ಲೇ ಹೇಳಿದೆ. "ನಮ್ಮ ಬಾಕ್ಸ್ ಮನೆ ಬಿಟ್ಟು ಹೋಯ್ತು ಕಣಮ್ಮ. ನಾನು ಅಕ್ಕನಿಗೆ ಕೆಟ್ಟ ಮಾತಾಡಿ, ಅದರ ತಲೆ ಮೇಲೆ ಹೊಡೆದೆ. ಅದು ಬಿಟ್ಟು ಹೋಯ್ತು. ಎಲ್ಲಿದೆಯೋ ಗೊತ್ತಿಲ್ಲ. ಸಾಹುಕಾರ್ರು ನನಗೇನೂ ಕೊಟ್ಟಿಲ್ಲ, ಅದು ಸುಳ್ಳು. ಅವರದೂ ತಾನಾಗೇ ಬಂದಿದ್ದು."

ಲೈನಿನಲ್ಲಿ ಯಾರದೋ ಕೈಯಿಂದ ಸ್ಟೀಲ್ ಡಬ್ಬಿ ಬಿದ್ದು ಉರುಳಿತು. ಪ್ರಫುಲ್ಲ ಒಬ್ಬಳೇ ನೆಟ್ಟಗೆ ಕೂತಿದ್ದಳು. "ಬಿಟ್ಟು ಹೋಯ್ತು ಅಂದ್ರೆ? ಕಾಲಿದೆಯಾ ಅದಕ್ಕೆ?"

"ನನ್ನದೂ ಬಿಟ್ಟು ಹೋಯ್ತು," ಅಂತ ಹಿಂದಿನಿಂದ ಒಂದು ದನಿ ಬಂತು.

ತಿರುಗಿ ನೋಡಿದರೆ ಪಂಚಲಿಂಗಪ್ಪ. ಇಸ್ತ್ರಿ ಕಾಣದ ಕೋಟು, ತಲೆಗೆ ರುಮಾಲು, ಬರಿಗಾಲು. ಆ ಬಿಸಿಲಿನಲ್ಲಿ ಅಷ್ಟು ದೂರ ಬರಿಗಾಲಲ್ಲಿ ಬಂದಿದ್ದರು, ಚಪ್ಪಲಿ ಎಂದೋ ಹೋಗಿತ್ತು. ಜನ ತಾವಾಗಿಯೇ ದಾರಿ ಬಿಟ್ಟರು. ಕಿಂಡಿಯ ಹತ್ತಿರ ಬಂದು ನಿಂತು ಅವರು ಹೇಳಿದರು: "ನಾಲ್ಕು ನಾಲ್ಕು ಎಂಟು ಎರಡು ನನ್ನ ಮನೇಲಿಲ್ಲ. ಬಾಕ್ಸಿಲ್ಲ, ಟಿವಿಯಿಲ್ಲ, ಚಮಚ ಇಲ್ಲ. ಎಲ್ಲಿ ಸೈನ್ ಹಾಕಬೇಕು? ಪೆನ್ನು ನೀನೇ ಕೊಡಬೇಕು ಮಗಳೆ, ಅದೂ ಇಲ್ಲ."

ಪ್ರಫುಲ್ಲ ಪೆನ್ನು ಕೊಟ್ಟಳು. ಅವಳಿಗೆ ಇದೊಂದು ಸೈನು, ಅಷ್ಟೆ. ಅದರ ಬೆಲೆ ಗೊತ್ತಿದ್ದವರು ನಾವು. ಸೈನು ಹಾಕಿ, ಅವರು ಲೈನಿನ ಕಡೆ ತಿರುಗಿದರು. ಯಾರ ಮುಖವನ್ನೂ ನೋಡದೆ, "ನಮ್ಮನೆಯವಳ ತೂಗುಮಂಚ ಯಾರ ಮನೇಲಿದೆ ಅಂತ ನಾನು ಕೇಳಲ್ಲ. ಚೆನ್ನಾಗಿದೆಯಾ ಅಂತ ಹೇಳಿದ್ರೆ ಸಾಕು," ಅಂದರು.

ಗಿರಣಿಯವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಮುಂದೆ ಬಂದಳು. "ಚೆನ್ನಾಗಿದೆ ಸಾಹುಕಾರ್ರೆ. ನಮ್ಮತ್ತೆ ಅದರ ಮೇಲೇ ಮಲಗೋದು. ಬೇರೆ ಎಲ್ಲೂ ಅವರಿಗೆ ನಿದ್ದೆ ಬರಲ್ಲ."

"ಸರಿ, ಸರಿ," ಅಂದರು ಅವರು. ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು. ಇನ್ನೊಬ್ಬಳು ನಿಮ್ಮ ಗಡಿಯಾರ ಒಂದು ನಿಮಿಷ ಹಿಂದೆ ಬಿದ್ದಿಲ್ಲ ಅಂದಳು. ಮತ್ತೊಬ್ಬ ತನ್ನ ಬಾಕ್ಸೂ ಹೋಗಿದೆ, ಅದನ್ನೂ ಬರ್ಕೊಳ್ಳಮ್ಮ ಅಂತ ಕಿಂಡಿಗೆ ಕೈ ಹಾಕಿದ. ನಾನು ಆ ಕೈಗೆ ಒಂದು ಹೊಡೆದು ಲೈನಿಗೆ ಕಳಿಸಿದೆ. ಗಂಟೆ ಹನ್ನೆರಡಾಗುತ್ತಿತ್ತು.

"ಅಮ್ಮ, ನಿಮ್ಮ ಆರು ಒಂದು ಏಳು ಸೊನ್ನೆ," ಅಂದಳು ಪ್ರಫುಲ್ಲ. ಅವಳ ದನಿ ಬದಲಾಗಿತ್ತು. ಕಂಪ್ಯೂಟರನ್ನೇ ನೋಡುತ್ತಿದ್ದಳು. "ಅದು ಕಪ್ಪು ಬಾಕ್ಸಾ? ಕೆಂಪು ದೀಪ?"

"ಹೌದು."

"ನಾನಿರೋ ರೂಮಲ್ಲಿ ಸೋಮವಾರ ಬೆಳಿಗ್ಗೆ ಒಂದು ಇತ್ತು. ಓನರ್ ಹಾಕಿಸಿದ್ದಾರೆ ಅಂದ್ಕೊಂಡೆ. ನಂಬರ್ ನೋಡೋಕೆ ಹೋಗಲಿಲ್ಲ." ಅವಳು ನನ್ನ ಕಡೆ ನೋಡಿದಳು. ಮೂರು ವಾರದಿಂದ ಊರವರ ಸುಳ್ಳಿಗೆ ಬೇಸತ್ತಿದ್ದ ಮುಖ ಈಗ ಚಿಕ್ಕ ಹುಡುಗಿಯದಾಗಿತ್ತು. "ಅಮ್ಮ, ದೇವರಾಣೆ ನಾನು ತಗೊಂಡಿಲ್ಲ."

"ಗೊತ್ತು ಕಣವ್ವ. ನಿನ್ನ ಹತ್ರ ಬಂದಿದೆ ಅಂದ್ರೆ ಚೆನ್ನಾಗಿರುತ್ತೆ. ಇಟ್ಕೊ. ನನ್ನ ಲೈನ್ ಬಿಡು."

ಅವಳು ಮೂರು ಕಡೆ ಒತ್ತಿದಳು. ನಾನು ಓಡಿದೆ. ಅರವತ್ತೆಂಟರ ಓಟ ಎಂಥದ್ದು ಅಂತ ಕೇಳಬೇಡಿ. ಮನೆಗೆ ಬಂದಾಗ ನಮ್ಮೆಜಮಾನರು ಬಿಳಿ ಬಾಕ್ಸಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದಕ್ಕೆ ಸಮಾಧಾನ ಹೇಳುತ್ತಿದ್ದರು. ಟಿವಿ ಹಾಕಿದೆ. ಹನ್ನೆರಡೂ ಇಪ್ಪತ್ತಕ್ಕೆ ಅಕ್ಕ ಬಂದಳು.

ಆಸ್ಪತ್ರೆಯ ಹಸಿರು ಅಂಗಿ ಹಾಕಿದ್ದರು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ತೆಗೆದಿಟ್ಟಿದ್ದರು, ಗಲ್ಲ ಒಳಗೆ ಹೋಗಿತ್ತು. ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಕಾಯಿಗಳು ಭಾನುವಾರ ಇದ್ದ ಹಾಗೇ. ನನ್ನನ್ನು ನೋಡಿದವಳೇ ಮುಖ ಆಚೆ ತಿರುಗಿಸಿಕೊಂಡಳು. ನಾನು ಕೈ ಬೀಸಿದೆ, ಕುಸುಮ ಅವಳ ಭುಜ ತಟ್ಟಿ ತಿರುಗಿಸಿದಳು. ನಿನ್ನ ಎದೆಯೊಳಗೆ ಒಂದು ಪುಟ್ಟ ಬಾಗಿಲು ಬಿಗಿದುಕೊಂಡಿದೆ ಅಂತ ಕೈಯಲ್ಲಿ ಹೇಳಿದೆ. ನಿದ್ದೆ ಬರಿಸುತ್ತಾರೆ, ಬಾಗಿಲು ಸರಿಮಾಡುತ್ತಾರೆ, ಹೊಲಿಯುತ್ತಾರೆ, ಏಳುತ್ತೀಯ, ಗಂಜಿ ಕೊಡುತ್ತಾರೆ. ಎರಡು ಸಲ ಹೇಳಿದೆ. ಅವಳಿಗೆ ಎಲ್ಲಾ ಅರ್ಥವಾಯಿತು. ಅರ್ಥವಾಯಿತು ಅನ್ನುವುದು ಅವಳ ಕಣ್ಣಿನಲ್ಲೇ ಕಂಡಿತು. ಆದರೂ ಕೈ ಕಟ್ಟಿಕೊಂಡು ಕೂತೇ ಇದ್ದಳು. ಕಾಯುತ್ತಿದ್ದಳು.

ಏನಕ್ಕೆ ಅಂತ ನನಗೆ ಗೊತ್ತಿತ್ತು. ತಪ್ಪಾಯಿತು ಅನ್ನೋಣವೆಂದು ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ನಮ್ಮ ಕೈಮಾತಿನಲ್ಲಿ ಅದಕ್ಕೆ ಸನ್ನೆಯೇ ಇರಲಿಲ್ಲ. ಕಳ್ಳಿಗಿದೆ, ಹಂದಿಗಿದೆ, ಮೂದೇವಿಗಿದೆ. ಅರವತ್ತು ವರ್ಷ ದಿನಾ ಬೈದಾಡಿದ್ದೇವೆ, ಇದನ್ನು ಒಂದು ಸಲವೂ ಇಬ್ಬರೂ ಹೇಳಿಕೊಂಡಿರಲಿಲ್ಲ. ಕೈ ಮುಗಿದರೆ ದೇವಸ್ಥಾನ ಅಂತಾಗುತ್ತದೆ, ಕಿವಿ ಹಿಡಿದುಕೊಂಡರೆ ನಿನಗೆ ಕಿವಿ ಕೇಳಲ್ಲ ಅಂದ ಹಾಗಾಗುತ್ತದೆ. ಗೋಡೆ ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು. ಅವಳ ಹಿಂದೆ ಗಾಲಿಮಂಚ ತಂದು ನಿಲ್ಲಿಸಿದರು. ನನ್ನ ಕೈಗಳು ಏನೂ ತೋಚದೆ ಗಾಳಿಯಲ್ಲಿ ಒದ್ದಾಡಿದವು.

ಆಮೇಲೆ ನಾನು ನೆಲದ ಮೇಲೆ ಕೂತೆ. ನಡುಮನೆಗೆ ಒಂದು ಹೆಜ್ಜೆ ದೂರವಿದ್ದ ನನ್ನ ಮೂರನೇ ಕಾಯಿಯನ್ನು ಎತ್ತಿ ಅವಳಿಗೆ ತೋರಿಸಿದೆ. ಅದನ್ನು ತಂದು ಹೊರಟ ಮನೆಯಲ್ಲೇ ಇಟ್ಟೆ.

ಅಕ್ಕ ಬಗ್ಗಿ ನೋಡಿದಳು. ತನ್ನ ರಟ್ಟಿನ ಮೇಲೂ ನನ್ನ ಆ ಕಾಯಿಯನ್ನು ಹಿಂದಕ್ಕೆ ಇಟ್ಟಳು. ಬೆರಳು ಎತ್ತಿ ನನ್ನ ನಾಲ್ಕನೇ ಕಾಯಿ ತೋರಿಸಿದಳು. ಅದನ್ನೂ. ಇಟ್ಟೆ. ಹಣ್ಣಾದ ಎರಡನ್ನು ತೋರಿಸಿದಳು. ಎಂಥಾ ಹೆಂಗಸು! ಹಣ್ಣಾದದ್ದನ್ನು ವಾಪಸ್ ಇಡುವ ಆಟ ಯಾವ ಲೋಕದಲ್ಲಿದೆ? ಅವನ್ನೂ ಇಟ್ಟೆ. ನನ್ನ ನಾಲ್ಕೂ ಕಾಯಿ ಹೊರಟ ಮನೆಯಲ್ಲಿ ಸಾಲಾಗಿ ಕೂತ ಮೇಲೆ ಅವಳು ಅವುಗಳನ್ನು ಒಂದೊಂದಾಗಿ ಎಣಿಸಿದಳು. ಬೊಚ್ಚುಬಾಯಿ ಅಗಲಕ್ಕೆ ತೆರೆಯಿತು, ಸದ್ದಿಲ್ಲದೆ ಮೈ ಕುಲುಕಿಸಿ ನಕ್ಕಳು. ತನ್ನ ಕಾಯಿಗಳನ್ನೂ ಬಾಚಿ, ನಾಲ್ಕನ್ನೂ ಹೊರಟ ಮನೆಗೆ ತಂದಿಟ್ಟಳು.

ನರ್ಸು ಹತ್ತಿರ ಬಂದಳು. ಅಕ್ಕ ಕಚ್ಚಲಿಲ್ಲ. ರಟ್ಟನ್ನು ಕುಸುಮನ ಕೈಗೆ ಕೊಟ್ಟು, ಅಲುಗಾಡಿಸಿದರೆ ಹುಷಾರ್ ಅಂತ ಕಣ್ಣು ಬಿಟ್ಟಳು. ಕವಡೆಗಳನ್ನು ಅವಳ ಮುಷ್ಟಿಗೆ ತುರುಕಿದಳು. ತನ್ನ ಕಾಲಲ್ಲೇ ನಡೆದುಹೋಗಿ ಗಾಲಿಮಂಚ ಹತ್ತಿ, ನನ್ನ ಕಡೆ ತಿರುಗಿ, ಮೊದಲ ಕೈ ನನ್ನದು ಅಂತ ತನ್ನ ಎದೆಯನ್ನು ಬೆರಳಿನಿಂದ ಎರಡು ಸಲ ತಟ್ಟಿ ತೋರಿಸಿ, ಮಲಗಿದಳು.